ಸುಮಿತಾಳನ್ನು ಕೈಬಿಟ್ಟ ಮ್ಯಾನೇಜರ್

ಹಳಿಯಾಳದ ದ್ರಾಕ್ಷಾಯಣಿ ಒಂದು ಕಾಲಕ್ಕೆ ರಾಜ್ಯ ತಂಡದ ಗೋಲ್‌ಕೀಪರ್; ಈಗ ಊರಿನ ಹುಡುಗಿಯರಿಗೆ ಹಾಕಿ ಕಲಿಸುತ್ತಾಳೆ. ವೃತ್ತಿಪರ ಲೀಗಿನಲ್ಲಿ ಆಡುವ ‘ಕಾಳಿ ವಾರಿಯರ್ಸ್’ ಮಹಿಳಾ ತಂಡ ಈ ಸಲ ಕಟ್ಟಕಡೆಯ ಸ್ಥಾನಕ್ಕೆ ಬಿದ್ದಾಗ ಮಾಲೀಕರು ಅವಳಿಗೆ ಫೋನ್ ಮಾಡಿದ್ದರು. ತಂಡದ ಜನರಲ್ ಮ್ಯಾನೇಜರ್ ರುದ್ರೇಶನ ಕೆಲಸ ಹೇಗಿದೆ, ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ, ಅವಳು ನೋಡಿ ಹೇಳಬೇಕಿತ್ತು.

ನೋಡುವ ಮೊದಲೇ ಅವಳ ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು. ಸೀಸನ್ನಿನ ನಡುವೆ ರುದ್ರೇಶ ಸುಮಿತಾಳನ್ನು ಕೈಬಿಟ್ಟಿದ್ದ. ಸುಮಿತಾ ದ್ರಾಕ್ಷಾಯಣಿಯ ಕೈಯಲ್ಲೇ ಆಟ ಕಲಿತು ಬೆಳೆದವಳು. ತಂಡದ ಮುಕ್ಕಾಲು ಗೋಲು ಅವಳವೇ. ಯಾರು ಕೇಳಿದರೂ ರುದ್ರೇಶ, “ಅದು ನನ್ನ ನಿರ್ಧಾರ” ಎಂದಷ್ಟೇ ಹೇಳುತ್ತಿದ್ದ. ಊರಿಗೆ ಮರಳಿ ದ್ರಾಕ್ಷಾಯಣಿಯ ಕ್ಲಬ್ ಸೇರಿದ ಸುಮಿತಾಳೂ ಕಾರಣ ಹೇಳಿರಲಿಲ್ಲ. ಅವಳು ಹೋದ ಮೇಲೆ ತಂಡ ಗೆದ್ದದ್ದೇ ಇಲ್ಲ. ಯಾರೋ ಅವನ ಕಾರಿನ ಗಾಜಿಗೆ ಕಲ್ಲು ಕೂಡ ಎಸೆದಿದ್ದರು.

ದಾಂಡೇಲಿಯಲ್ಲಿ ತಂಡದ ಶಿಬಿರ ನಡೆಯುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ ದ್ರಾಕ್ಷಾಯಣಿ ಅವನ ಕಚೇರಿಗೆ ಹೋದಳು.

“ಸುಮಿತಾನ್ನ ಯಾಕ ಬಿಟ್ರಿ?”

“ಅದೊಂದು ಬಿಟ್ಟು ಏನರ ಕೇಳ್ರಿ ಅಕ್ಕಾರ.”

“ನೀವು ಹೇಳದಿದ್ರ ಬ್ಯಾಡ್ರಿ. ಇವತ್ತ ಹಳಿಯಾಳದಾಗ ನಮ್ಮ ಕ್ಲಬ್ಬಿನ ಮ್ಯಾಚ್ ಐತಿ. ಸುಮಿತಾನ್ನ ಆಡಸಾಕತ್ತೇನಿ. ಏನ್ ಕಳಕೊಂಡಾರ ಅನ್ನೂದನ್ನ ನಿಮ್ಮ ಮಾಲೀಕರು ಬಂದು ಕಣ್ಣಾರೆ ನೋಡ್ಲಿ.”

ರುದ್ರೇಶ ದಿಗ್ಗನೆ ಎದ್ದ.

“ಆಡಸಾಕತ್ತೀರಿ? ಆಕಿ ಆಟ ಬಿಡ್ತೇನಿ ಅಂತ ನನಗ ಆಣಿ ಮಾಡಿದ್ಲಲ್ರಿ!”

“ಯಾಕ ಬಿಡಬೇಕ್ರಿ ಆಕಿ?”

“ಆಕಿ ಎದಿ ಸರಿ ಇಲ್ರಿ. ಜೋರಾಗಿ ಓಡಿದ್ರ ಬಡತ ತಪ್ತೈತಿ. ಹಂಗ ಮೈದಾನದಾಗ ಎದಿ ನಿಂತುಹೋಗಬಹುದು ಅಂತ ಡಾಕ್ಟರ್ ಹೇಳಿದ್ರು. ಮನ್ಯಾಗ, ನಿಮಗ, ಯಾರಿಗೂ ಹೇಳಬ್ಯಾಡ್ರಿ ಅಂತ ಆಕಿ ಕಾಲು ಹಿಡದ್ಲು.”

ದ್ರಾಕ್ಷಾಯಣಿ ಫೋನ್ ತೆಗೆದು ಸುಮಿತಾಳ ನಂಬರ್ ಒತ್ತಿದಳು. ಹೋದ ವಾರ ಪ್ರ್ಯಾಕ್ಟಿಸಿನಲ್ಲಿ ಸುಮಿತಾ ಹಿಂದೆ ಉಳಿದಾಗ, “ಮೈಗಳ್ಳಿ, ಓಡು!” ಎಂದು ಬೈದಿದ್ದಳು. ಹುಡುಗಿ ನಕ್ಕು ಓಡಿದ್ದಳು.

ರುದ್ರೇಶನ ಕಾರಿನಲ್ಲೇ ಹೊರಟರು. ಸುಮಿತಾಳ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಮ್ಯಾಚಿನ ಅಂಪೈರ್ ಅಡಿವೆಯ್ಯನೂ ಎತ್ತಲಿಲ್ಲ. ಅಷ್ಟರಲ್ಲಿ ಕಾಡು ಬಂತು, ನೆಟ್‌ವರ್ಕ್ ಹೋಯಿತು. ಬಿದಿರು ತುಂಬಿದ ಲಾರಿಯೊಂದು ಮುಂದೆ ತೆವಳುತ್ತಿತ್ತು. ತಿರುವಿನಲ್ಲಿ ದಾಟಲು ಜಾಗವಿಲ್ಲ. ರುದ್ರೇಶ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ದ್ರಾಕ್ಷಾಯಣಿ ಗಡಿಯಾರ ನೋಡಿದಳು; ಮ್ಯಾಚ್ ಶುರುವಾಗಿತ್ತು. ಈಗ ಚೆಂಡು ಯಾರ ಬಳಿ ಇರಬಹುದು? ಸುಮಿತಾ ಓಡುತ್ತಿರಬಹುದೇ? ಶಿವನೇ, ಇವತ್ತೊಂದಿನ ಆಕಿ ಮೈಗಳ್ಳಿಯಾಗಲಿ.

ಮೈದಾನದ ಬೇಲಿಯ ಬಳಿ ಕಾರು ನಿಲ್ಲುವ ಮೊದಲೇ ಅವಳು ಇಳಿದಳು. ಜನ ಕೂಗುತ್ತಿದ್ದರು. ಸುಮಿತಾ ಚೆಂಡಿನೊಂದಿಗೆ ಒಬ್ಬಳೇ ನುಗ್ಗುತ್ತಿದ್ದಳು.

“ನಿಲ್ಲು! ಸುಮೀ, ನಿಲ್ಲವ್ವಾ!”

ಕೇಕೆಯಲ್ಲಿ ಅವಳ ದನಿ ಮುಳುಗಿತು. ಸುಮಿತಾ ಹೊಡೆಯಲು ಸ್ಟಿಕ್ ಎತ್ತಿದವಳು ಹಾಗೆಯೇ ಮಂಡಿಯೂರಿ, ಮಗ್ಗುಲಿಗೆ ಉರುಳಿದಳು. ಏನೋ ಎಡವಿದಳೆಂದು ಜನ ನಕ್ಕರು.

ದ್ರಾಕ್ಷಾಯಣಿ ಮುಟ್ಟಿದಾಗ ಹುಡುಗಿಯ ತುಟಿ ನೀಲಿಯಾಗಿತ್ತು. ನಾಡಿ ಸಿಗಲಿಲ್ಲ. ರುದ್ರೇಶ ಅವಳನ್ನು ಅಂಗಾತ ಮಲಗಿಸಿ, ಎರಡೂ ಅಂಗೈಯಿಂದ ಎದೆಯನ್ನು ಒತ್ತತೊಡಗಿದ. ಸುಮಿತಾಳನ್ನು ಬಿಟ್ಟ ಮೇಲೆ ಹೆದರಿಕೆ ತಾಳದೆ ಅವನು ಹೋಗಿ ಇದನ್ನು ಕಲಿತುಕೊಂಡಿದ್ದ. ಒತ್ತಿದ, ಒತ್ತುತ್ತಲೇ ಇದ್ದ. ಬೆವರು ಅವಳ ಜರ್ಸಿಯ ಮೇಲೆ ತೊಟ್ಟಿಕ್ಕಿತು. ಕೊನೆಗೆ ಸುಮಿತಾಳ ಗಂಟಲಲ್ಲಿ ಗೊರ್ ಎಂದು ಉಸಿರು ಬಂತು.

ಧಾರವಾಡದ ಆಸ್ಪತ್ರೆಯಲ್ಲಿ ಅವಳ ಎದೆಯೊಳಗೆ ಬಡಿತ ತಪ್ಪಿದರೆ ಸರಿಪಡಿಸುವ ಸಣ್ಣ ಯಂತ್ರವೊಂದನ್ನು ಕೂರಿಸಿದರು. ಜೀವ ಉಳಿಯಿತು, ಹಾಕಿ ಹೋಯಿತು. ಎಚ್ಚರವಾದಾಗ ಅವಳು ಕೇಳಿದ್ದು, “ಗೋಲ್ ಆತೇನ್ರಿ ಮೇಡಂ?” ಎಂದು. ದ್ರಾಕ್ಷಾಯಣಿ ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ಅತ್ತಳು.

ಮಾಲೀಕರು ಫೋನ್ ಮಾಡಿದರು. “ಏನಂತೀರಿ? ರುದ್ರೇಶನ್ನ ಇಟ್ಟುಕೊಳ್ಳೂಣೋ, ಬಿಡೂಣೋ?”

“ಇಟ್ಟುಕೊಳ್ರಿ. ಗೆಲ್ಲೂದಕ್ಕಿಂತ ಹುಡುಗಿ ಜೀವ ದೊಡ್ಡದು ಅಂದವ ಅವ. ಆದ್ರ ಒಂದು ತಪ್ಪು ಮಾಡ್ಯಾನ, ಅದನ್ನೂ ಹೇಳಬೇಕು. ಇಂಥ ಮಾತು ಒಬ್ಬನ ಹೊಟ್ಟ್ಯಾಗ ಇರಬಾರದಿತ್ತು. ನನ್ನ ತಪ್ಪು ಅದಕ್ಕಿಂತ ದೊಡ್ಡದ್ರಿ. ನಾನು ಕೇಳೂದಕ್ಕೂ ಮೊದಲ ತೀರ್ಮಾನ ಮಾಡಿದ್ದೆ.”

ಸ್ವಲ್ಪ ದಿನ ಬಿಟ್ಟು ಅವಳು ಮತ್ತೆ ಮೈದಾನಕ್ಕೆ ಹೋದಳು. ಹುಡುಗಿಯರು ಓಡತೊಡಗಿದರು. ಅವರಲ್ಲೊಬ್ಬಳು ನಡುವೆ ತಟ್ಟನೆ ಬಗ್ಗಿದಳು. ದ್ರಾಕ್ಷಾಯಣಿ ಚೀರುತ್ತ ಓಡಿ ಅವಳ ಭುಜ ಹಿಡಿದಳು.

“ಲೇಸ್ ಬಿಚ್ಚಿತ್ತು ಮೇಡಂ,” ಎಂದಳು ಹುಡುಗಿ ಗಾಬರಿಯಾಗಿ.

ದ್ರಾಕ್ಷಾಯಣಿ ಅವಳ ಪಕ್ಕದಲ್ಲೇ ಮಣ್ಣಿನಲ್ಲಿ ಕುಳಿತಳು. ಹುಡುಗಿಯ ಲೇಸನ್ನು ತಾನೇ ಕಟ್ಟಿ, ಅವಳ ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು.