ಎಡಕ್ಕೆ ಸುತ್ತಿದ ಚಿಪ್ಪು

ಅಲ್ಲಾಡುತ್ತಿದ್ದ ಬಾಡಿಗೆ ಕುರ್ಚಿಯ ಕಾಲಿನಡಿ ಮಗಳು ಕಾಗದ ಮಡಚಿ ತುರುಕುತ್ತಿದ್ದಳು. ಎದುರಿಗೆ ಪ್ರೊಫೆಸರರ ಬೂಟುಗಳು ಬಂದು ನಿಂತವು.

"ಬನ್ನಿ ಸರ್, ಕೂತ್ಕೊಳ್ಳಿ," ಎಂದಳು ಬಗ್ಗಿದಲ್ಲಿಂದಲೇ. ಬೆಳಗಿನಿಂದ ಬಂದವರಿಗೆಲ್ಲ ಅದೇ ಮಾತು, ಅದೇ ದನಿ. ಅಮ್ಮನನ್ನು ಒಳಕೋಣೆಯಲ್ಲಿ ಮಲಗಿಸಿ ತಲೆಯ ಬಳಿ ದೀಪ ಹಚ್ಚಿಟ್ಟಿದ್ದರು. ಮಗಳ ಕಣ್ಣಲ್ಲಿ ಇನ್ನೂ ಒಂದು ಹನಿ ನೀರು ಬಂದಿರಲಿಲ್ಲ.

ಅಮ್ಮ ಮೂವತ್ತೊಂದು ವರ್ಷ ಈ ಪ್ರೊಫೆಸರರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ಸಮುದ್ರದ ತಳದಿಂದ ತಂದ ಕೆಸರನ್ನು ತೊಳೆದು, ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಡಿ ಕುಂಚದ ತುದಿಯಿಂದ ಲಕ್ಷಾಂತರ ವರ್ಷ ಹಳೆಯ ಚಿಪ್ಪುಗಳನ್ನು ಹೆಕ್ಕುವ ಕೆಲಸ. ಒಂದೊಂದೂ ಮರಳಿನ ಕಣದಷ್ಟು.

"ಸೂಜಿಗೆ ದಾರ ಪೋಣಿಸಿಕೊಡು ಅಂದ್ರೆ ಕಣ್ಣು ಕಾಣಲ್ಲ ಅಂತಿದ್ಳು ನಮ್ಮಕ್ಕ," ಎಂದು ಸೋದರಮಾವ ಪಕ್ಕದವರಿಗೆ ಹೇಳುತ್ತಿದ್ದ. "ಕೆಸರಲ್ಲಿ ಹುಳದ ಚಿಪ್ಪು ಮಾತ್ರ ಕಾಣ್ತಿತ್ತು." ಪ್ರೊಫೆಸರರನ್ನು ನೋಡಿದ್ದೇ ಮುಖ ಗಂಟು ಹಾಕಿಕೊಂಡ. "ಬಂದ್ರಪ್ಪ, ಪದಕದವರು."

*

ಪದಕ ಬಂದ ವರ್ಷ ಮಗಳು ಆರನೇ ಕ್ಲಾಸು. ಶಾಲೆ ಬಿಟ್ಟಮೇಲೆ ಅಮ್ಮನ ಮೇಜಿನ ಮೂಲೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ವಿಜ್ಞಾನ ಸಂಘದವರು ತಮಗೆ ಕೊಟ್ಟ ಪದಕವನ್ನು ಪ್ರೊಫೆಸರರು ನೋಡಲೆಂದು ಅಮ್ಮನ ಕೈಗಿತ್ತರು. ಅದರ ಮೇಲೆ ಚಿಪ್ಪಿನ ಚಿತ್ರ ಕೆತ್ತಿತ್ತು. ಅಮ್ಮ ಅದನ್ನು ಮಸೂರದಡಿ ಹಿಡಿದು ನೋಡಿದಳು.

"ಸರ್, ಇದು ಬಲಕ್ಕೆ ಸುತ್ತಿದೆ. ನಮ್ಮದು ಎಡಕ್ಕಲ್ವಾ?"

ಪ್ರೊಫೆಸರರು ನಕ್ಕರು. "ನಿಮ್ಮ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ ಬಿಡಿ."

ಪದಕ ಪ್ರೊಫೆಸರರ ಡ್ರಾಯರಿಗೆ ಹೋಯಿತು. ಅಮ್ಮ ಮತ್ತೆ ಕುಂಚ ಎತ್ತಿಕೊಂಡಳು.

*

ಪ್ರೊಫೆಸರರು ಕೋಟಿನ ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಅದೇ ಪದಕ. "ಇದನ್ನ ಅವರ ಜೊತೆ ಇಡಬಹುದಾ?"

ಮಾವ ದಡಕ್ಕನೆ ಎದ್ದ. "ಬದುಕಿದ್ದಾಗ ಕೊಡೋಕೆ ಯಾರಾದ್ರೂ ಕೈ ಕಟ್ಟಿಹಾಕಿದ್ರಾ ಸ್ವಾಮಿ?"

"ಇರು ಮಾವ," ಎಂದಳು ಮಗಳು.

ಪ್ರೊಫೆಸರರು ಡಬ್ಬಿಯನ್ನೇ ನೋಡುತ್ತ ಹೇಳಿದರು: "ಕೆಸರಿನ ಒಂದು ಪದರದಿಂದಾಚೆ ಚಿಪ್ಪುಗಳು ಸುತ್ತುವ ದಿಕ್ಕು ಬದಲಿಸಿವೆ ಅಂತ ಮೊದಲು ನೋಡಿದ್ದು ಅವರು. ಆಗ ಸಮುದ್ರ ತಣ್ಣಗಾಗಿತ್ತು ಅಂತ ನಾನು ಅರ್ಥ ಹೇಳ್ದೆ. ಪದಕ ಬಂದಿದ್ದು ಅದಕ್ಕೇ. ಲೇಖನದಲ್ಲಿ 'ನಾವು ಗಮನಿಸಿದೆವು' ಅಂತ ಬರೆದೆ. ನಾವು ಅಂದ್ರೆ ಯಾರು ಅಂತ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಸಿಟ್ಟು ಬರಬಹುದೆಂದು ಮಗಳು ಕಾದಳು. ಬರಲಿಲ್ಲ. ಜೋಮು ಹಿಡಿದ ಕಾಲನ್ನು ಯಾರೋ ಮುಟ್ಟಿದಂತೆ, ಮುಟ್ಟಿದ್ದಾರೆಂದು ಗೊತ್ತಾಯಿತು, ಅಷ್ಟೆ.

"ಅಮ್ಮನಿಗೆ ಗೊತ್ತಿತ್ತಾ ಸರ್?"

"ಆ ಲೇಖನ ಟೈಪ್ ಮಾಡಿದ್ದೇ ಅವರು."

ಹೊರಗೆ ಯಾರೋ ಕೆಮ್ಮಿದರು. ಮಗಳು ಡಬ್ಬಿಯ ಮುಚ್ಚಳ ಹಾಕಿ ಅವರ ಕೈಗೇ ವಾಪಸು ಕೊಟ್ಟಳು.

"ಅಮ್ಮನ ಜೊತೆ ಹೋದ್ರೆ ಇದು ಯಾರಿಗೂ ಕಾಣಲ್ಲ ಸರ್. ಈಗ ಹೇಳಿದ್ರಲ್ಲ, ಅದನ್ನ ಬರೆದುಕೊಡಿ. ಆ ಲೇಖನ ಅಚ್ಚು ಹಾಕಿಸಿದ ಕಡೆಗೂ ಕಳಿಸಿ."

ಬಂದವರು ಎರಡು ಮಾತು ಬರೆಯಲೆಂದು ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟಿದ್ದರು. ಪ್ರೊಫೆಸರರು ಅದರ ಮುಂದೆ ಕೂತರು. 'ನಾವು' ಎಂದು ಬರೆದು, ಹೊಡೆದುಹಾಕಿದರು. ಅವರ ಬೆನ್ನಹಿಂದೆ ಒಬ್ಬೊಬ್ಬರಾಗಿ ಜನ ಬಂದು ನಿಂತರು. ಸಾಲು ಮೆಟ್ಟಿಲಿಳಿದು ರಸ್ತೆಯವರೆಗೂ ಬೆಳೆಯಿತು. ಪ್ರೊಫೆಸರರು ತಲೆ ಎತ್ತದೆ ಬರೆಯುತ್ತಲೇ ಹಾಳೆ ಮಗುಚಿದರು.