ಉಚ್ಚಂಗೆಪ್ಪನ ಬಾಯಿಗೆ ಎರಡು ಹನಿ

"ಅತ್ತಿಗೇ, ಕೈ ತೆಗಿ. ಎರಡೇ ಹನಿ," ಎನ್ನುತ್ತಾ ಓಬಳೇಶ ಬ್ರಾಂದಿ ಕ್ವಾರ್ಟರಿನ ಮುಚ್ಚಳ ತಿರುಗಿಸಿದ. ಅಂತರಘಟ್ಟಮ್ಮ ಗಂಡನ ಬಾಯಿಗೆ ಅಡ್ಡ ಹಿಡಿದ ಕೈಯನ್ನು ತೆಗೆಯಲಿಲ್ಲ.

ಉಚ್ಚಂಗೆಪ್ಪನನ್ನು ಮೀಯಿಸಿ, ಬಿಳಿ ಪಂಚೆ ಉಡಿಸಿ, ಪಡಸಾಲೆಯಲ್ಲಿ ಕುರ್ಚಿ ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮಧ್ಯಾಹ್ನ ಮೂರಕ್ಕೆ ಮಣ್ಣು ಎಂದು ತೀರ್ಮಾನವಾಗಿತ್ತು. ಈ ಮನೆತನದಲ್ಲಿ ಗಂಡಸು ತೀರಿಕೊಂಡರೆ ಬಾಯಿಗೆ ನೀರು ಬಿಟ್ಟ ಮೇಲೆ ವೀಳ್ಯದೆಲೆಯ ತುದಿಯಿಂದ ಎರಡು ಹನಿ ಹೆಂಡವನ್ನೂ ಬಿಡುವುದು ಅಜ್ಜಂದಿರ ಕಾಲದ ಪದ್ಧತಿ. ಹೆಂಡ ಹೋಗಿ ಸಾರಾಯಿ ಬಂದಿತ್ತು, ಸಾರಾಯಿ ಹೋಗಿ ಬ್ರಾಂದಿ ಬಂದಿತ್ತು, ಪದ್ಧತಿ ಮಾತ್ರ ಕೂತಲ್ಲೇ ಕೂತಿತ್ತು.

"ನಮ್ಮ ಮನೇಲಿ ಗಂಡಸು ಅಂದೋನು ಒಣಬಾಯಲ್ಲಿ ಹೋಗಿದ್ದೇ ಇಲ್ಲ. ಅಣ್ಣ ಒಬ್ಬನೇ ಏನು ಪಾಪ ಮಾಡ್ಯಾನೆ?"

"ಮಾಡಿಲ್ಲ ಅಂತಾನೇ ಬ್ಯಾಡ ಅನ್ನೋದು. ಇಪ್ಪತ್ತಾರು ವರ್ಸ ಒಂದು ಹನಿ ನಾಲಿಗೆಗೆ ತಾಗಿಸಿಲ್ಲ ಅವ್ರು. ಈಗ ಬ್ಯಾಡ ಅನ್ನಾಕೆ ಬಾಯಿಲ್ಲ ಅಂತ ಹೊಯ್ಯಾಕೆ ಬಂದೀಯಾ?"

ಓಬಳೇಶ ಬಾಟಲಿಯನ್ನು ಜೇಬಿಗೂ ಇಡಲಾರದೆ ಕೆಳಗೂ ಇಡಲಾರದೆ ನಿಂತ. ಕಂಬದ ಪಕ್ಕ ಕೂತಿದ್ದ ಮಗಳು ಯಶೋಧರಾ ತಲೆ ತಗ್ಗಿಸಿದಳು.

ಅವಳ ಬ್ಯಾಗಿನಲ್ಲಿ ಒಂದು ಸಣ್ಣ ಸೀಸೆಯಿತ್ತು. ಅದರಲ್ಲಿ ಎರಡು ಬೆರಳಿನಷ್ಟು ವಿಸ್ಕಿ ಉಳಿದಿತ್ತು. ಅಪ್ಪನ ಬಾಯಿಗೆ ಕೊನೆಯದಾಗಿ ಏನಾದರೂ ಬೀಳುವುದಿದ್ದರೆ ಅದು ತಾನು ಮಾಡಿದ್ದೇ ಆಗಬೇಕು ಎಂದು ಅವಳ ಮನಸ್ಸು ಹಟ ಹಿಡಿದಿತ್ತು. ಆದರೆ ಸೀಸೆ ಹೊರಗೆ ತೆಗೆದರೆ, ಅಪ್ಪ ಅದರ ರುಚಿ ನೋಡಿದ್ದನ್ನೂ ಹೇಳಬೇಕಾಗುತ್ತಿತ್ತು. ಅವ್ವ ಊರೆಲ್ಲ ಹೇಳಿಕೊಂಡು ಮೆರೆದ ಇಪ್ಪತ್ತಾರು ವರ್ಷವನ್ನು ಹೆಣದ ಮುಂದೆಯೇ ಒಡೆಯುವುದು ಹೇಗೆ?

ಅಷ್ಟರಲ್ಲಿ ಚನ್ನಗಿರಿಯಿಂದ ಮಹೇಶ್ವರಪ್ಪ ಹಾರ ಹಿಡಿದು ಬಂದರು. ಅವರ ಅಡಿಕೆ ಮಂಡಿಯಲ್ಲಿ ಉಚ್ಚಂಗೆಪ್ಪ ಮೂವತ್ತೆಂಟು ವರ್ಷ ಹಮಾಲಿ ಮಾಡಿದ್ದ. ಹಾರ ಹಾಕಿ, ಕೈಮುಗಿದು, ಅವರು ಹೆಣದ ಮುಂದೆಯೇ ಚಾಪೆಯ ಮೇಲೆ ಕೂತರು.

"ಎಂಥ ಮೂಗ್ರಿ ಇವನದು! ಮೂಟೆ ಹೆಗಲಿಗೆ ಏರಿಸ್ತಿದ್ದಂಗೆ ಹೇಳೋನು, ಸಾವ್ಕಾರ್ರೆ ಇದು ಹಸಿ ಐತೆ, ಇನ್ನೊಂದು ಬಿಸ್ಲು ಕಾಣಿಸ್ರಿ ಅಂತ. ಬಿಚ್ಚಿ ನೋಡಿದ್ರೆ ಹಂಗೇ ಇರೋದು. ನನ್ನ ಅಂಗಡಿ ಹೆಸರು ಉಳಿದಿದ್ದು ಇವನ ಮೂಗಿನಿಂದ್ಲೇ." ಅವರು ಯಶೋಧರಾಳತ್ತ ತಿರುಗಿದರು. "ನೀನು ಔಷಧಿ ಕಾರ್ಖಾನೇಲಿ ಅಲ್ವೇನಮ್ಮ?"

ಯಶೋಧರಾ ಅವ್ವನ ಮುಖ ನೋಡಿದಳು. ಅವ್ವ ಗಂಡನ ಪಂಚೆಯ ನೆರಿಗೆ ಸರಿಮಾಡುತ್ತಿದ್ದಳು. ಮೈಸೂರು ಕಡೆಯ ವಿಸ್ಕಿ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸದ ಮಗಳನ್ನು ಊರವರ ಮುಂದೆ ಔಷಧಿ ಕಾರ್ಖಾನೆಗೆ ವರ್ಗ ಮಾಡಿದ್ದು ಅವಳೇ. ಮೊದಮೊದಲು ಕೆಮ್ಮಿನ ಔಷಧಿ ಅನ್ನುತ್ತಿದ್ದವಳು, ಯಾರೋ ಎರಡು ಬಾಟಲಿ ತಂದುಕೊಡು ಎಂದು ಗಂಟುಬಿದ್ದ ಮೇಲೆ ದನದ ಔಷಧಿ ಮಾಡಿಕೊಂಡಿದ್ದಳು.

* * *

ಯಶೋಧರಾಗೆ ಆರು ವರ್ಷವಿದ್ದಾಗ ಉಚ್ಚಂಗೆಪ್ಪ ಅವಳನ್ನು ಸಂತೇಬೆನ್ನೂರಿನ ಸಂತೆಗೆ ಕರೆದೊಯ್ದು, ಕುಡಿದು, ಅಲ್ಲೇ ಮರೆತು ಬಂದಿದ್ದ. ಬಳೆ ಮಾರುವ ಹೆಂಗಸೊಬ್ಬಳು ಕೈಹಿಡಿದು ಮನೆಯ ತನಕ ತಂದುಬಿಟ್ಟಳು. ಮಾರನೆಯ ಬೆಳಗ್ಗೆ ಅವನು ಮಗಳ ತಲೆ ಮುಟ್ಟಿ, ಇನ್ನು ಒಂದು ಗುಟುಕೂ ನುಂಗುವುದಿಲ್ಲ ಎಂದು ಆಣೆ ಇಟ್ಟ. ನಂಬಿದವರು ಯಾರೂ ಇರಲಿಲ್ಲ. ಅವನು ಮಾತ್ರ ಅದನ್ನು ನಡೆಸಿದ. ಕುಡಿತಕ್ಕೆ ಹೋಗುತ್ತಿದ್ದದ್ದು ಮಗಳ ಪುಸ್ತಕಕ್ಕೆ, ಬಸ್ ಪಾಸಿಗೆ, ಆಮೇಲೆ ಶಿವಮೊಗ್ಗದ ಹಾಸ್ಟೆಲಿಗೆ ಹೋಯಿತು.

ಎರಡು ತಿಂಗಳ ಹಿಂದೆ ಒಂದು ಭಾನುವಾರ, ಅವ್ವ ಸಂಘದ ಸಭೆಗೆ ಹೋಗಿದ್ದಳು. ಅಪ್ಪ ಹಿತ್ತಿಲ ಕಲ್ಲಿನ ಮೇಲೆ ಕೂತು ಕೇಳಿದ: "ಮಂಡಿಗೆ ಬಂದು ನನ್ನ ಕೆಲ್ಸ ನೀನು ನೋಡೀಯ. ನಿನ್ನ ಕೆಲ್ಸ ನಾನು ನೋಡೇ ಇಲ್ವಲ್ಲೇ."

ಅವಳ ಬಳಿ ಹೊಸ ಸರಕಿನ ಸ್ಯಾಂಪಲ್ ಇತ್ತು. ಹೆದರುತ್ತಲೇ ಸ್ಟೀಲ್ ಲೋಟಕ್ಕೆ ಒಂದಿಷ್ಟು ಬಗ್ಗಿಸಿದಳು.

"ಬಾಯಿ ಒಂಚೂರು ತೆರೆದು ಮೂಸಪ್ಪ. ಇಲ್ಲಾಂದ್ರೆ ಘಾಟು ಹತ್ತುತ್ತೆ."

"ಮೂಸಾಕೆ ನೀನು ನನಗೆ ಹೇಳ್ಕೊಡ್ತೀಯಾ?" ಅವನು ಲೋಟದೊಳಗೆ ಮೂಗು ಇಟ್ಟು ಕಣ್ಣು ಮುಚ್ಚಿದ. "ಮೆಣಸು ಐತೆ. ಹುರಿದ ಕಾಳು. ಆಮೇಲೆ... ದ್ರಾಕ್ಷಿ. ತಾಜಾ ಅಲ್ಲ, ಇವತ್ತೋ ನಾಳೆಯೋ ಕೊಳೆಯೋ ಹಣ್ಣು."

ಕಾರ್ಖಾನೆಯಲ್ಲಿ ಐದು ಜನ ಕೂತು ವಾರವೆಲ್ಲ ಮೂಸಿ ಬರೆದದ್ದನ್ನು ಈತ ಒಂದೇ ಉಸಿರಿಗೆ ಹೇಳಿದ್ದ. ಆ ಕೆಲಸ ತನಗೆ ಸಿಕ್ಕಿದ್ದು ಓದಿನಿಂದ ಎಂದು ಯಶೋಧರಾ ಅಂದುಕೊಂಡಿದ್ದಳು. ಮೂಗು ಈ ಹಿತ್ತಿಲಿನದು ಎಂದು ಆಗ ತಿಳಿಯಿತು.

"ಇದು ರೈ ಅಂತ ಒಂದು ಕಾಳಿಂದು ಅಪ್ಪ, ಗೋದಿ ದಾಯಾದಿ. ನಾಲ್ಕು ವರ್ಸ ಒಂದು ಮರದ ಪೀಪಾಯಿಲಿ ಇಟ್ಟಿದ್ವಿ. ಕೊನೆಗೆ ಆರು ತಿಂಗ್ಳು, ದ್ರಾಕ್ಷಿ ವೈನ್ ಇಟ್ಟು ತೆಗೆದ ಪೀಪಾಯಿಗೆ ಹಾಕಿದ್ವಿ. ಆರು ತಿಂಗ್ಳು ಸಾಕು ಅಂದೋಳು ನಾನೇ."

"ಓಹೋ. ತವರಾಗೆ ಬೆಳೆದು, ಗಂಡನ ಮನೆ ವಾಸನೆ ಹಚ್ಕಂಡು ಬಂದೈತೆ ಅನ್ನು." ಲೋಟ ತುಟಿಯ ಹತ್ತಿರ ಹೋಗಿ ನಿಂತಿತು. "ನುಂಗಲೇಬೇಕೇನೇ?"

"ಬ್ಯಾಡಪ್ಪ. ನಾವೂ ನುಂಗಲ್ಲ. ಬಾಯಲ್ಲಿ ಆಡಿಸಿ ಉಗುಳ್ತೀವಿ. ನುಂಗಿದ್ರೆ ಹತ್ತನೇ ಲೋಟಕ್ಕೆ ಕೆಲ್ಸ ಹೋಗುತ್ತೆ."

ಅಪ್ಪ ಗಹಗಹಿಸಿ ನಕ್ಕ. "ಸರಿ ಬಿಡು, ನಾನು ಆಣೆ ಇಟ್ಟಿದ್ದೂ ನುಂಗಲ್ಲ ಅಂತಾನೇ." ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು ಕೆನ್ನೆಯಿಂದ ಕೆನ್ನೆಗೆ ಆಡಿಸಿದ. ಇಪ್ಪತ್ತಾರು ವರ್ಷದ ನಂತರ ಬಾಯಿಗೆ ಬಂದದ್ದನ್ನು ಅವನ ಗಂಟಲು ಕೇಳುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತು. ಅವನು ಎದ್ದು ಹೋಗಿ ಕರಿಬೇವಿನ ಬುಡಕ್ಕೆ ಉಗುಳಿದ. ಕಣ್ಣು ಒರೆಸಿಕೊಂಡು ಬಂದ.

"ಚೆನ್ನಾಗಿ ಮಾಡೀಯ ಕಣೇ. ಅವಸರ ಮಾಡಿಲ್ಲ." ಅಡಿಕೆ ಬೇಯಿಸಿ ಒಣಗಿಸಿ ಮಂಡಿಗೆ ತರುವವರಿಗೆ ಅವನು ಕೊಡುತ್ತಿದ್ದ ದೊಡ್ಡ ಹೊಗಳಿಕೆ ಅದು. ಆಮೇಲೆ ದನಿ ತಗ್ಗಿಸಿದ. "ನಿಮ್ಮವ್ವನಿಗೆ ನಾನೇ ಹೇಳ್ತೀನಿ. ನೀನು ಬಾಯಿ ಹಾಕಬ್ಯಾಡ."

* * *

ಅಪ್ಪ ಅದನ್ನು ಹೇಳುವ ಮೊದಲೇ ಹೊರಟುಹೋಗಿದ್ದ.

"ಹೊತ್ತಾತು ಅತ್ತಿಗೆ," ಎಂದ ಓಬಳೇಶ, ಈ ಸಲ ಮೆಲ್ಲಗೆ.

ಯಶೋಧರಾ ಎದ್ದು ಬಂದು ಅವ್ವನ ಪಕ್ಕ ಕೂತಳು. ಸೀಸೆಯನ್ನು ಅವ್ವನ ಮಡಿಲಿಗೆ ಇಟ್ಟಳು. "ಇದು ನಾನು ಮಾಡಿದ್ದವ್ವ. ಅಪ್ಪ ರುಚಿ ನೋಡಿದ್ದ."

ಅಂತರಘಟ್ಟಮ್ಮನ ಮುಖ ಕಪ್ಪಿಟ್ಟಿತು. "ಯಾವಾಗ?"

"ನೀನು ಸಂಘದ ಸಭೆಗೆ ಹೋಗಿದ್ದೆಯಲ್ಲ, ಅವತ್ತು."

"ನುಂಗಿದ್ರಾ?"

"ಇಲ್ಲವ್ವ. ನನ್ನಾಣೆಗೂ ನುಂಗಲಿಲ್ಲ. ಬಾಯಲ್ಲಿ ಆಡಿಸಿ ಕರಿಬೇವಿನ ಬುಡಕ್ಕೆ ಉಗುಳಿದ. ನಿನಗೆ ತಾನೇ ಹೇಳ್ತೀನಿ ಅಂದಿದ್ದ."

ಅವ್ವ ಗಂಡನ ಮುಖ ನೋಡಿದಳು. ಬಾಯಿಗೆ ಬಂದದ್ದನ್ನು ಹೊರಗೆ ಹಾಕುವುದು ಮುಟ್ಟದೇ ಇರುವುದಕ್ಕಿಂತ ಎಷ್ಟು ಕಷ್ಟ ಎಂದು ಕುಡುಕನ ಜೊತೆ ಬಾಳಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಏನಂದ್ರು?"

"ಚೆನ್ನಾಗಿ ಮಾಡೀಯ, ಅವಸರ ಮಾಡಿಲ್ಲ ಅಂದ."

"ನನ್ನ ಸಾರಿಗೆ ಒಂದಿನ ಹಂಗೆ ಅಂದೋರಲ್ಲ ನೋಡು," ಎಂದು ಅಂತರಘಟ್ಟಮ್ಮ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಬೆಳಗಿನಿಂದ ಅವಳು ಅತ್ತಿರಲಿಲ್ಲ.

ಮಹೇಶ್ವರಪ್ಪನವರು ಬಗ್ಗಿ ನೋಡಿದರು. "ಅದೇನಮ್ಮ, ಔಷಧಿನಾ?"

"ಅಲ್ರಿ ಸಾವ್ಕಾರ್ರೆ. ವಿಸ್ಕಿ. ನನ್ನ ಮಗಳು ಮಾಡಿದ್ದು," ಎಂದಳು ಅಂತರಘಟ್ಟಮ್ಮ, ಅಂಗಳದಲ್ಲಿ ನಿಂತವರಿಗೂ ಕೇಳುವ ಹಾಗೆ.

ಓಬಳೇಶ ತನ್ನ ಕ್ವಾರ್ಟರಿಗೆ ಮುಚ್ಚಳ ಹಾಕಿ ವೀಳ್ಯದೆಲೆಯನ್ನು ಅತ್ತಿಗೆಗೆ ಕೊಟ್ಟ. ಅವಳು ಅದನ್ನು ಮಗಳ ಕೈಗಿಟ್ಟು, ಹೂಂ ಎಂದಳು. ಯಶೋಧರಾ ಎಲೆಯ ತುದಿಯಿಂದ ಒಂದು ಹನಿ ಬಿಟ್ಟಳು, ಇನ್ನೊಂದು ಹನಿ ಬಿಟ್ಟಳು. ಅಂತರಘಟ್ಟಮ್ಮ ಗಂಡನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿ, ಅವನ ಗದ್ದದ ಕೆಳಗೆ ತನ್ನ ಬೊಗಸೆ ಹಿಡಿದು, "ನುಂಗಬ್ಯಾಡ್ರಿ," ಎಂದು ಕಾಯುತ್ತ ಕೂತಳು.