ಡಬ್ಲಿನ್ನಿನಿಂದ ಸೋಮನಾಥಪುರ ಕಾಣುತ್ತದೆ

“ಇಲ್ಲಿ ನಿಂತರೆ ನಮ್ಮ ಸೋಮನಾಥಪುರದ ಮೂರು ಗೋಪುರವೂ ಕಾಣ್ತವೆ ಕಣವ್ವ,” ಅಂದೆ.

ಡಬ್ಲಿನ್ ನಗರದ ನಡುಬೀದಿ. ಎದುರಿಗೆ ಮುಗಿಲಿಗೆ ಚುಚ್ಚಿದ ದಬ್ಬಳದಂಥ ಉಕ್ಕಿನ ಕಂಬ. ಈ ಊರಿನವರು ಅದನ್ನು ಸ್ಪೈರ್ ಅನ್ನುತ್ತಾರೆ, ನಾನು ಗರುಡನಿಲ್ಲದ ಗರುಡಗಂಬ ಅಂತ ಹೆಸರಿಟ್ಟೆ. ಅದರ ಬುಡದಲ್ಲಿ ಹಣೆಗೆ ಕೈ ಅಡ್ಡ ಹಿಡಿದು ಪೂರ್ವಕ್ಕೆ ನೋಡುತ್ತಾ ನಿಂತಿದ್ದೆ.

“ಮೂರೂನಾ?” ಅಂದಳು ಮಗಳು ವಿನೋದಿನಿ.

“ಮೂರೂ. ನಡುವಿನದರ ಮೇಲೆ ಒಂದು ಪಾರಿವಾಳ ಕೂತದೆ.”

“ಗಂಡೋ ಹೆಣ್ಣೋ?”

“ಅತ್ತ ಮುಖ ಮಾಡ್ಕೊಂಡದೆ. ತಿರುಗಲಿ, ಹೇಳ್ತೀನಿ.”

ಅವಳು ನಕ್ಕಳು. ಆ ದಿನ ಅವಳನ್ನು ನಗಿಸುತ್ತಲೇ ಇರುವುದು ನನಗೆ ಬಹಳ ಅಗತ್ಯವಾಗಿತ್ತು.

ನಾನು ಚಾಮರಾಜ, ಸೋಮನಾಥಪುರದ ಕೇಶವ ದೇವಾಲಯದ ಗೈಡ್. ದೇವಾಲಯವನ್ನು ಹೊಯ್ಸಳರು ಕಟ್ಟಿದರು, ಬೀಳದಂತೆ ನಾನು ಮಾತಿನಲ್ಲಿ ಹಿಡಿದುಕೊಂಡಿದ್ದೇನೆ. ನನ್ನ ವಿವರಣೆ ಕೇಳಿದ ಒಬ್ಬ ಜರ್ಮನಿಯವನು ತನ್ನ ದೇಶಕ್ಕೆ ವಾಪಸು ಹೋಗಲೇ ಇಲ್ಲ, ಇವತ್ತಿಗೂ ಬನ್ನೂರಿನಲ್ಲಿ ಮುದ್ದೆ ನುಂಗಿಕೊಂಡಿದ್ದಾನೆ. ನಾನು ಟಾರ್ಚ್ ಬಿಟ್ಟು ತೋರಿಸಿದರೆ ಚಾವಣಿಯ ಕಲ್ಲಿನ ಬಾಳೆಮೊಗ್ಗಿನಿಂದ ವಾಸನೆ ಬರುತ್ತದೆ. ಬೇಕಾದರೆ ಬಂದು ನೋಡಿ.

ವಿನೋದಿನಿ ಸ್ಲೈಗೋ ಅನ್ನುವ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಎರಡು ವಾರಕ್ಕೆಂದು ಬಂದ ನನ್ನನ್ನು ಬಾಡಿಗೆ ಮನೆಯಲ್ಲಿ ಕೂರಿಸಿ ಅವಳು ಡ್ಯೂಟಿಗೆ ಓಡುವುದೇ ಆಗಿತ್ತು. ಅಪ್ಪ ಮಗಳು ಇಡೀ ದಿನ ಜೊತೆಗಿರಲು ಸಿಕ್ಕಿದ್ದು ಇದೊಂದೇ ದಿನ. ಮರುದಿನ ಬೆಳಗ್ಗೆ ನನ್ನ ವಿಮಾನ. ರಾಜಧಾನಿಯನ್ನಾದರೂ ತೋರಿಸಿ ಕಳಿಸೋಣವೆಂದು ಬೆಳಗಿನ ರೈಲಿಗೆ ಕರೆತಂದಿದ್ದಳು. ರೈಲಿನಲ್ಲೇ ವಿಷಯ ತೆಗೆದಳು. ದೊಡ್ಡ ಡಾಕ್ಟರಾಗುವ ಐದು ವರ್ಷದ ತರಬೇತಿಗೆ ಅವಳನ್ನು ಆರಿಸಿದ್ದರು. ನಮ್ಮಲ್ಲಿ ಎರಡು ಸಲ ಪರೀಕ್ಷೆ ಬರೆದರೂ ಅವಳಿಗೆ ಅಂಥ ಸೀಟು ಸಿಕ್ಕಿರಲಿಲ್ಲ. ಸೋಮವಾರ ಒಪ್ಪಿಗೆ ಹೇಳಬೇಕಂತೆ.

“ನೀವಿಬ್ರೂ ಚೆನ್ನಾಗಿದ್ರೆ ಮಾತ್ರ ಅಪ್ಪ. ಇಲ್ಲಾಂದ್ರೆ ಬೇಡ ಅಂದ್ಬಿಟ್ಟು ಊರಿಗೇ ಬಂದ್ಬಿಡ್ತೀನಿ. ನಿಜ ಹೇಳಿ, ಹುಷಾರಾಗಿದ್ದೀರಾ?”

“ನನಗೇನಾಗ್ಯದೆ? ಗುಂಡುಕಲ್ಲಿದ್ದಂಗೆ ಇದ್ದೀನಿ. ಹೊರಡೋ ಹಿಂದಿನ ದಿನ ಗುಡಿಯ ಜಗತಿಕಟ್ಟೆಯಿಂದ ನೆಗೆದು ಕೋತಿ ಬಾಲ ಹಿಡಿದೆ. ಅದೇ ಸುಸ್ತಾಗಿ ಕೂತ್ಕೊಂತು.”

ಒಂದು ಸಣ್ಣ ವಿಷಯ ಇತ್ತು, ಇಲ್ಲ ಅನ್ನುವುದಿಲ್ಲ. ಕಣ್ಣಂಚಿನಲ್ಲಿ ಒಂದಿಷ್ಟು ಮಂಜು, ಅಷ್ಟೆ. ಮೈಸೂರಿನ ಕಣ್ಣಿನ ಡಾಕ್ಟರು ಅದಕ್ಕೆ ಗ್ಲುಕೋಮಾ ಅಂತ ನಾಮಕರಣ ಮಾಡಿ, ದಿನಾ ಹಾಕಿಕೊಳ್ಳಲು ಹನಿ ಔಷಧ ಬರೆದಿದ್ದರು. ಮಗಳಿಗೆ ಹೇಳಕೂಡದು ಎಂದು ಹೆಂಡತಿ ಸಾವಿತ್ರಿಯಿಂದ ಆಣೆ ಹಾಕಿಸಿಕೊಂಡಿದ್ದೆ. “ಸಾಸಿವೇನೆಲ್ಲ ಬೆಟ್ಟ ಮಾಡೋ ಬಾಯಿ, ಇದೊಂದು ಬೆಟ್ಟಾನ ಯಾಕೆ ಸಾಸಿವೆ ಮಾಡ್ತದೋ,” ಅಂದಿದ್ದಳು ಅವಳು. ಹೆಂಗಸರಿಗೆ ಎಲ್ಲವೂ ದೊಡ್ಡದೇ.

ಇನ್ನು ಡಬ್ಲಿನ್ನಿನ ಮಾತು. ಹೊರಡುವ ಮೊದಲೇ ಆ ಊರನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ವಿಡಿಯೋ ಮೇಲೆ ವಿಡಿಯೋ ನೋಡಿ, ಯಾವ ಬೀದಿಯ ಎಡಕ್ಕೆ ಏನು, ಬಲಕ್ಕೆ ಏನು, ಎಲ್ಲವನ್ನೂ ತಲೆಗೆ ಹಾಕಿಕೊಂಡಿದ್ದೆ. ಹಾಗಾಗಿ ಊರು ತೋರಿಸಲು ಕರೆತಂದವಳಿಗೆ ನಾನೇ ಊರು ತೋರಿಸತೊಡಗಿದೆ. ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆದೆ.

“ಏನಪ್ಪ ಇವತ್ತು ಇಷ್ಟೊಂದು ಪ್ರೀತಿ?”

“ಜನಜಂಗುಳಿ. ನೀನು ಕಳೆದುಹೋದರೆ ನಿಮ್ಮಮ್ಮನಿಗೆ ಏನು ಹೇಳ್ಲಿ?”

ಲಿಫಿ ನದಿಯ ಹತ್ತಿರ ಬಂದೆವು. ಕಾವೇರಿಯ ಮುಂದೆ ಇದು ತೂಬಿನ ನೀರು ಅಂದೆ. ಕಬ್ಬಿಣದ ಸಣ್ಣ ಸೇತುವೆಯ ನಡುವೆ ನಿಂತು, ಹಿಂದೆ ಇದನ್ನು ದಾಟಲು ಅರ್ಧ ಪೆನ್ನಿ ಸುಂಕ ಕೊಡಬೇಕಿತ್ತು, ಕಾಸಿಲ್ಲದ ಪ್ರೇಮಿಗಳು ಆಚೆ ದಡ ಈಚೆ ದಡದಲ್ಲಿ ನಿಂತೇ ಮುದುಕರಾದರು ಅಂತ ಕಥೆ ಕಟ್ಟಿದೆ. ಸುಂಕದ ಮಾತು ನಿಜ. ಪ್ರೇಮಿಗಳು ನನ್ನವರು. ಪಕ್ಕದಲ್ಲಿ ನಿಂತಿದ್ದ ಪಂಜಾಬಿನ ದಂಪತಿಗೆ ವಿನೋದಿನಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ಕಣ್ಣೊರೆಸಿಕೊಂಡಳಂತೆ.

ಸೇತುವೆ ಇಳಿದ ಕೂಡಲೇ ಫುಟ್‌ಪಾತಿನ ಮೋಟು ಕಂಬವೊಂದು ಮೊಣಕಾಲಿಗೆ ಬಡಿಯಿತು. “ಸಾರಿ ಕಣಪ್ಪ,” ಅಂದೆ ಕಂಬಕ್ಕೆ. “ಈ ಊರಲ್ಲಿ ಎಲ್ರೂ ಎಲ್ರಿಗೂ ಸಾರಿ ಅಂತಾರಲ್ಲ, ಇದಕ್ಯಾಕೆ ಕೊರತೆ?” ವಿನೋದಿನಿ ನಕ್ಕಳು. ಹತ್ತು ಹೆಜ್ಜೆ ಹೋಗಿರಲಿಲ್ಲ, ಒಬ್ಬ ಅಜ್ಜಿಗೆ ಡಿಕ್ಕಿ ಹೊಡೆದೆ. ಅಜ್ಜಿಯ ಚೀಲದಿಂದ ಸೇಬು ಉರುಳಿದವು. ವಿನೋದಿನಿ ಬಗ್ಗಿ ಬಗ್ಗಿ ಆರಿಸಿಕೊಟ್ಟಳು. “ಯೂ ಆರ್ ಗ್ರ್ಯಾಂಡ್, ಲವ್,” ಅಂದಿತು ಅಜ್ಜಿ ನನ್ನ ತೋಳು ಸವರಿ. ಪರವಾಗಿಲ್ಲ ಅನ್ನುವುದಕ್ಕೆ ಇಲ್ಲಿನವರ ಮಾತು ಅದು.

“ನೋಡ್ದಾ? ಬಂದು ಎರಡು ವಾರ ಆಗಿಲ್ಲ, ಊರೋರೇ ನಿಮ್ಮಪ್ಪನ್ನ ಗ್ರ್ಯಾಂಡ್ ಅಂತಾವ್ರೆ.”

ಈ ಸಲ ಅವಳು ನಗಲಿಲ್ಲ. “ಅಪ್ಪ, ಆ ಅಜ್ಜಿ ಬರ್ತಿದ್ದದ್ದು ಕಾಣ್ಲಿಲ್ವಾ?” ಅಂದಳು.

“ನಾನು ಮೇಲೆ ನೋಡ್ತಿದ್ದೆ. ಊರು ನೋಡೋಕೆ ಬಂದೋನು ನೆಲ ನೋಡ್ಕೊಂಡು ನಡೀತಾನಾ?”

ಮುಂದೆ ಒಂದು ಹಳೆಯ ಚರ್ಚು. ಗೈಡ್ ಆದವನು ಶಿಲ್ಪವನ್ನು ನೋಡಬಾರದು. ಬೆನ್ನು ಶಿಲ್ಪಕ್ಕೆ, ಮುಖ ಜನಕ್ಕೆ. ಹೊಸಬರಿಗೆ ನಾನು ಮೊದಲು ಕಲಿಸುವ ಪಾಠವೇ ಇದು. ನಾನು ಚರ್ಚಿಗೆ ಬೆನ್ನು ಹಾಕಿ, ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಶುರುಮಾಡಿದೆ. “ನನ್ನ ಹಿಂದೆ ನೋಡು. ಬೂದುಕಲ್ಲಿನ ಗೋಪುರ. ನಡುವೆ ಕರೀ ಗಡಿಯಾರ, ಚಿನ್ನದ ಮುಳ್ಳು. ಬಿಸಿಲಿಗೆ ಹೆಂಗೆ ಫಳಫಳ ಅಂತದೆ ನೋಡು! ಆ ಮುಳ್ಳಿನ ನೆರಳು ಬಿದ್ದ ಮನೆ ಹೆಣ್ಣುಮಕ್ಕಳಿಗೆ ಒಳ್ಳೇ ಗಂಡ ಸಿಗ್ತಾನಂತೆ. ನೋಡ್ದಾ?”

ಅವಳು ಒಮ್ಮೆ ನನ್ನ ಹಿಂದಕ್ಕೆ, ಒಮ್ಮೆ ನನ್ನ ಮುಖಕ್ಕೆ ನೋಡಿದಳು. ಆಮೇಲೆ, “ಹೂಂ ಅಪ್ಪ. ಚೆನ್ನಾಗಿದೆ,” ಅಂದಳು.

ಮಧ್ಯಾಹ್ನ ಒಂದು ಹಳೆಯ ಹೋಟೆಲಿಗೆ ಹೋದೆವು. ಒಳಗೆ ಮಬ್ಬುಗತ್ತಲೆ. ಮೂಲೆಯ ಟೇಬಲ್ಲಿಗೆ ಅವಳೇ ಕೈಹಿಡಿದು ಕರೆದೊಯ್ದಳು. ಈ ದೇಶದ ಹೆಸರುವಾಸಿ ಕುರಿಮಾಂಸದ ಸಾರು ತರಿಸಿದಳು. ಕುರಿ, ಆಲೂಗೆಡ್ಡೆ, ಕ್ಯಾರೆಟ್ಟು ಎಲ್ಲ ಇದ್ದವು. ಖಾರ ಮಾತ್ರ ಕಸ್ಟಮ್ಸಿನವರು ಹಿಡಿದಿಟ್ಟುಕೊಂಡಂತಿತ್ತು.

“ನಿಮ್ಮಮ್ಮ ಇಲ್ಲಿಗೆ ಬಂದು ಒಂದು ಸಲ ಮಸಾಲೆ ಅರೆದರೆ ಸಾಕು, ಈ ದೇಶದೋರೆಲ್ಲ ಸೋಮನಾಥಪುರದ ಕಡೆಗೆ ಕಾಲು ಮಾಡಿ ಮಲಗೋದಿಲ್ಲ. ಅದ್ಸರಿ, ಬ್ರೆಡ್ ಕೊಡ್ತಾರೆ ಅಂದೆಯಲ್ಲ? ಸಾರು ತಂದಿಟ್ಟು ಬ್ರೆಡ್ ಮರೆತವ್ರಲ್ಲ!”

ಟೇಬಲ್ಲಿನ ಮೇಲೆ ಏನೋ ಸವರಿಕೊಂಡು ಬಂದ ಸದ್ದಾಯಿತು. ನನ್ನ ಬಟ್ಟಲಿನ ಹಿಂದೆ ಕಂದು ಬ್ರೆಡ್ಡಿನ ತಟ್ಟೆ ಕಾಣಿಸಿತು.

“ಈಗ ತಂದ್ರು ಅಪ್ಪ.”

“ಹೇಳಿದ ಕೂಡಲೇ ತಂದ್ರು. ಏನು ಸರ್ವಿಸ್!”

ಅವಳು ತನ್ನ ಸಾರನ್ನು ಮುಟ್ಟಲಿಲ್ಲ. “ಕಣ್ಣು ಯಾವಾಗ ಚೆಕ್ ಮಾಡಿಸಿದ್ದು?” ಅಂದಳು.

“ನನ್ನ ಕಣ್ಣಿಗೇನು? ಹದ್ದಿನ ಕಣ್ಣು. ಅಗೋ, ಆ ಬಾಗಿಲ ಹತ್ರ ಬೋರ್ಡ್ ಅದೆಯಲ್ಲ, ಕೊನೇ ಸಾಲು ಓದ್ಲಾ?” ಓದಿದೆ. ಒಂದಕ್ಷರ ತಪ್ಪಲಿಲ್ಲ. ಗೆದ್ದವನ ಹಾಗೆ ಅವಳ ಕಡೆ ತಿರುಗಿದೆ. ಅವಳ ಮುಖ ಬಿಳುಚಿಕೊಂಡಿತ್ತು. ಡಾಕ್ಟರಾದವಳು ಅಪ್ಪನ ದೃಷ್ಟಿ ಇಷ್ಟು ಚುರುಕಾಗಿದೆಯೆಂದು ಖುಷಿಪಡಬೇಕಿತ್ತಲ್ಲ?

ಸಂಜೆ ಊರ ನಡುವಿನ ಉದ್ಯಾನಕ್ಕೆ ಬಂದೆವು. ಕೆರೆಯ ದಂಡೆಯ ಬೆಂಚಿನಲ್ಲಿ ಕೂತು ಸಾವಿತ್ರಿ ಕಳಿಸಿದ್ದ ಕೋಡುಬಳೆಯ ಡಬ್ಬಿ ತೆಗೆದೆವು. ಹೊಟ್ಟೆಗೆ ಆ ದಿನ ಮೊದಲ ಬಾರಿ ಖಾರ ಬಿತ್ತು.

“ನಾನು ಬಂದ ಮೊದಲನೇ ವರ್ಷವೇ ಕರೆದಿದ್ದೆ ಅಪ್ಪ,” ಅಂದಳು. “ಟಿಕೆಟ್ ಕಳಿಸ್ತೀನಿ ಅಂದೆ. ದಸರಾ ಸೀಸನ್ನು ಅಂದ್ರಿ. ಆಮೇಲೆ ಮಳೆಗಾಲ ಅಂದ್ರಿ. ಒಂದು ವರ್ಷ ಯಾರೋ ಮಿನಿಸ್ಟರ್ ಬರ್ತಾರೆ, ನೀವಿಲ್ದೇ ಗುಡಿ ಬಾಗಿಲು ತೆಗೆಯಲ್ಲ ಅಂದ್ರಿ.”

“ಬಂದಿದ್ರು ಕಣೆ. ನನ್ನ ಕೈ ಕುಲುಕಿ...”

“ಇರ್ಲಿ ಬಿಡಿ.”

ಕರೆದಾಗಲೇ ಬಂದಿದ್ದರೆ ಆ ಕೆರೆಯನ್ನು ಆ ದಂಡೆಯಿಂದ ಈ ದಂಡೆಯವರೆಗೆ ಒಟ್ಟಿಗೆ ನೋಡುತ್ತಿದ್ದೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬದಲಿಗೆ, “ಸೋಮವಾರ ಹೂಂ ಅಂತ ಹೇಳ್ತೀಯ ತಾನೆ? ಅಷ್ಟು ಹೇಳು, ನಾನು ನೆಮ್ಮದಿಯಾಗಿ ವಿಮಾನ ಹತ್ತುತೀನಿ,” ಅಂದೆ.

ಅವಳು ಮಾತು ಮರೆಸಿದಳು. “ಐಸ್‌ಕ್ರೀಮ್ ತಿಂತೀರಾ?” ಎಂದು ಎದ್ದುಹೋದಳು. ಸ್ವಲ್ಪ ಹೊತ್ತಿಗೆ ಬಲಗಡೆ ಬೆಂಚು ಕಿರುಗುಟ್ಟಿತು. ಬಂದಳಲ್ಲ ಅಂತ ನಾನು ನನ್ನ ದೊಡ್ಡ ಕಥೆಯನ್ನೇ ಎತ್ತಿದೆ. ಅವಳು ಹುಟ್ಟಿದ ರಾತ್ರಿ ಹೊಳೆ ತುಂಬಿ ಬಂದದ್ದು, ನಾನು ಸಾವಿತ್ರಿಯನ್ನು ಬೆನ್ನ ಮೇಲೆ ಹೊತ್ತು ಈಜಿದ್ದು, ನಡುಹೊಳೆಯಲ್ಲಿ ಮೊಸಳೆಯೊಂದು ದಾರಿ ಬಿಟ್ಟದ್ದು. ಸಾವಿತ್ರಿ ಬಸ್ಸಿನಲ್ಲಿ ಹೋಗಿದ್ದಳು, ಅದು ಬೇರೆ ಮಾತು. “ಆವತ್ತೇ ಅಂದ್ಕೊಂಡೆ, ಈ ಮಗು ಸಮುದ್ರ ದಾಟ್ತದೆ ಅಂತ. ದಾಟಿದೋಳು ನಮಗೋಸ್ಕರ ವಾಪಸ್ ಈಜಿಕೊಂಡು ಬರಬಾರದು ಕಣವ್ವ. ಹೂಂ ಅನ್ನು.”

“ಅಪ್ಪ.”

ದನಿ ಎಡಗಡೆಯಿಂದ ಬಂತು.

ಬಲಕ್ಕೆ ಮುಖ ಹೊರಳಿಸಿದೆ. ಅಲ್ಲಿ ಕೂತಿದ್ದವನು ಯಾರೋ ಗಡ್ಡದ ಹುಡುಗ, ಕಿವಿಗೆ ವೈರು ಸಿಕ್ಕಿಸಿಕೊಂಡು ತನ್ನ ಪಾಡಿಗೆ ತಾನಿದ್ದ. ಎಡಕ್ಕೆ ಕತ್ತನ್ನು ಪೂರ್ತಿ ತಿರುಗಿಸಿದೆ. ವಿನೋದಿನಿ ಒಂದು ಮಾರು ದೂರದಲ್ಲಿ ನನ್ನತ್ತ ಕೈ ಚಾಚಿಕೊಂಡು ನಿಂತಿದ್ದಳು. ಐಸ್‌ಕ್ರೀಮು ಕರಗಿ ಅವಳ ಮೊಣಕೈವರೆಗೂ ಇಳಿದಿತ್ತು.

“ಈಗ ಬಂದ್ಯಾ?” ಅಂದೆ.

“ಹೊಳೆ ತುಂಬಿ ಬಂದಾಗಿನಿಂದ ಇಲ್ಲೇ ನಿಂತಿದ್ದೀನಿ.”

ಆ ಹುಡುಗ ಎದ್ದುಹೋದ. ಅವಳು ಆ ಜಾಗದಲ್ಲಿ ಕೂತಳು. ನನ್ನ ಕೈಯನ್ನು ತನ್ನ ಅಂಟಂಟು ಕೈಯಲ್ಲಿ ಹಿಡಿದುಕೊಂಡಳು. ತಣ್ಣಗಿತ್ತು.

“ಆ ಚರ್ಚಿನ ಗೋಪುರ ರಿಪೇರಿಗೆ ಅಂತ ಅಡಿಯಿಂದ ಮುಡಿವರೆಗೆ ಹಸಿರು ಬಟ್ಟೆ ಸುತ್ತಿದ್ರು ಅಪ್ಪ. ಗಡಿಯಾರಾನೂ ಇಲ್ಲ, ಮುಳ್ಳೂ ಇಲ್ಲ. ಬ್ರೆಡ್ಡು ಮೊದಲಿಂದ ನಿಮ್ಮ ಎಡಗೈ ಪಕ್ಕದಲ್ಲೇ ಇತ್ತು. ಗ್ಲುಕೋಮಾ ಅಲ್ವಾ?”

“ನಿಮ್ಮಮ್ಮ...”

“ಅಮ್ಮ ಏನೂ ಹೇಳಿಲ್ಲ. ಎಷ್ಟು ಕಾಣುತ್ತೆ? ಕಥೆ ಬೇಡ.”

ನಾನು ಎರಡೂ ಕೈ ಸೇರಿಸಿ ಒಂದು ಬಳೆ ಮಾಡಿ ತೋರಿಸಿದೆ.

“ಅಪ್ಪ.”

ಒಂದು ಕೈ ಕೆಳಗಿಳಿಸಿದೆ. ಇನ್ನೊಂದರ ಹೆಬ್ಬೆರಳು ತೋರುಬೆರಳನ್ನು ಸೇರಿಸಿ ಬಳೆಯನ್ನು ಕಿರಿದು ಮಾಡಿದೆ. ಅವಳು ಕಾಯುತ್ತಿದ್ದಳು. ಬೆರಳು ಮಡಿಸುತ್ತಾ ಮಡಿಸುತ್ತಾ ಉಂಗುರದಷ್ಟಕ್ಕೆ ತಂದೆ. ನನ್ನ ಬದುಕಿನಲ್ಲಿ ಯಾವುದನ್ನೂ ನಾನು ಅಷ್ಟು ಚಿಕ್ಕದಾಗಿ ತೋರಿಸಿದವನಲ್ಲ.

“ಇಷ್ಟು. ಸುತ್ತಲೂ ಏನೂ ಇಲ್ಲ. ಗುಡಿಯಲ್ಲಿ ನಡೀತದೆ, ಅಲ್ಲಿ ಕಣ್ಣು ಬೇಕಿಲ್ಲ. ಇಲ್ಲಿ ನಾನು ಏನೂ ನೋಡಲಿಲ್ಲ ಮಗಾ. ನಿನ್ನ ಮುಖಾನೂ ತುಂಡು ತುಂಡಾಗಿಯೇ ನೋಡಿದ್ದು.”

“ಹನಿ ಹಾಕ್ತಿದ್ದೀರಾ?”

“ನಿಲ್ಲಿಸಿದೆ. ಕಣ್ಣು ಕೆಂಪಾಗೋದು. ಟೂರಿಸ್ಟುಗಳು ಕುಡಿದು ಬಂದವನೆ ಅಂದ್ಕೊಳ್ತಿದ್ರು.”

ಅವಳು ಬಹಳ ಮೆಲ್ಲಗೆ, “ಇದನ್ನ ತಡೀಬಹುದಿತ್ತು ಅಪ್ಪ. ಹೋದದ್ದನ್ನ ತರೋಕಾಗಲ್ಲ. ಹೋಗೋದನ್ನ ನಿಲ್ಲಿಸಬಹುದಿತ್ತು. ನನಗೆ ಒಂದು ಮಾತು ಹೇಳಿದ್ರೆ ಸಾಕಿತ್ತು,” ಅಂದಳು.

ಇಷ್ಟು ವರ್ಷ ಫೋನಿನಲ್ಲಿ ಅವಳಿಗೆ ಸಾವಿರ ಮಾತು ಹೇಳಿದ್ದೆ. ಕೋತಿಯದು, ಮಿನಿಸ್ಟರದು, ಬನ್ನೂರಿನ ಜರ್ಮನಿಯವನದು.

“ಸೋಮವಾರ ಏನು ಹೇಳ್ಲಿ? ನೀವೇ ಹೇಳಿ. ಇದನ್ನಾದ್ರೂ ಇದ್ದಷ್ಟೇ ಹೇಳಿ.”

ಹೂಂ ಅಂತ ಹೇಳು, ನಾನು ನೋಡ್ಕೋತೀನಿ, ನಿಮ್ಮಪ್ಪ ಯಾರು ಅಂದ್ಕೊಂಡಿದ್ದೀಯ, ಎಂಬ ಮಾತೆಲ್ಲ ತುದಿನಾಲಿಗೆಯವರೆಗೆ ಬಂತು. ಅಲ್ಲೇ ನಿಂತಿತು.

“ನನಗೆ ಭಯ ಕಣವ್ವ,” ಅಂದೆ.

ಅವಳು ಕೈ ಒರೆಸಿಕೊಂಡಳು, ಡಬ್ಬಿ ಮುಚ್ಚಿದಳು, ಎದ್ದು ನಿಂತು ನನ್ನ ಕೈಯನ್ನು ಎತ್ತಿ ತಾನೇ ತನ್ನ ಹೆಗಲ ಮೇಲಿಟ್ಟುಕೊಂಡಳು. ಕೆರೆಯ ಪಕ್ಕದ ದಾರಿಯಲ್ಲಿ ಹೊರಟೆವು. “ಮೆಟ್ಟಿಲು,” ಅಂದಳು. “ಬಲಗಡೆ ಮಗು ಬರ್ತಿದೆ, ಸ್ವಲ್ಪ ಈ ಕಡೆ.” ಎಡಕ್ಕೆ ನೀರಿನಲ್ಲಿ ಏನೋ ಕಲಕಿದ ಸದ್ದಾಯಿತು.

“ಅದೇನು?”

“ಬಾತುಕೋಳಿ.”

“ಎಷ್ಟು ದೊಡ್ಡದು?”

“ಬಾತುಕೋಳಿಯಷ್ಟೇ ಅಪ್ಪ.”

ಸರಿ ಅಂದೆ. ಅದಕ್ಕೆ ಒಂದು ಗರಿಯನ್ನೂ ಸೇರಿಸಲಿಲ್ಲ.